ಪರವಾಗಿ ಬಂದ ಆದೇಶ

ಪಾಣೆಮಂಗಳೂರು, ಬಂಟ್ವಾಳ ತಾಲೂಕು
ದಿನಾಂಕ: 4-3-2003

ಇವರಿಂದ: ಹಸನಬ್ಬ, ನಿವೃತ್ತ ಅರ್ಜಿ ಬರಹಗಾರ, ತಾಲೂಕು ಕಚೇರಿ ಆವರಣ, ಬಂಟ್ವಾಳ
ಇವರಿಗೆ: ರಾಫಿಯಾ, ನೌಫಲ್‌ನ ಪತ್ನಿ, ಶಾರ್ಜಾ
ವಿಷಯ: ನನ್ನ ತಂಗಿಯೂ ನಿನ್ನ ತಾಯಿಯೂ ಆದ ಐಸಮ್ಮಳ ಕಾಯಿಲೆಯ ಬಗ್ಗೆ

1. ರೋಗಿ: ಐಸಮ್ಮ, ವಯಸ್ಸು ಐವತ್ತೆಂಟು, ವಿಧವೆ. ಗುರುವಾಯನಕೆರೆಯಲ್ಲಿ ಬಳೆ, ರಿಬ್ಬನ್ನು, ನೂಲಿನ ಅಂಗಡಿ. ಸದ್ಯ ನನ್ನ ಮನೆಯಲ್ಲಿ ವಾಸ.

2. ಪ್ರಕರಣದ ಆರಂಭ: ಕಳೆದ ದೀಪಾವಳಿಯ ವ್ಯಾಪಾರಕ್ಕೆಂದು ಬಳೆಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗ ಬೆನ್ನು ಹಿಡಿದದ್ದು. ತರುವಾಯ ಬಿಡಲಿಲ್ಲ.

3. ಪ್ರಥಮ ವಿಚಾರಣೆ: ಬೆಳ್ತಂಗಡಿ. ವಾತವೆಂದು ಇಂಜೆಕ್ಷನ್, ರಕ್ತಹೀನತೆಯೆಂದು ಟಾನಿಕ್.

4. ದ್ವಿತೀಯ ವಿಚಾರಣೆ: ಮೂಡುಬಿದಿರೆ. ಇ.ಎಸ್.ಆರ್. ಎಂಬ ರಕ್ತದ ಲೆಕ್ಕ ನೂರಮೂವತ್ತು. ರಕ್ತದಲ್ಲಿ ಆಲ್ಬುಮಿನ್‌ಗಿಂತ ಗ್ಲೋಬುಲಿನ್ ಹೆಚ್ಚಾಗಿದೆಯೆಂದೂ, ಇದು ತಲೆಕೆಳಗಾದ ಲೆಕ್ಕವೆಂದೂ, ವಾತವಲ್ಲವೆಂದೂ ಡಾಕ್ಟರ ಅಭಿಪ್ರಾಯ.

5. ತೃತೀಯ ವಿಚಾರಣೆ: ಮಂಗಳೂರು. ರಕ್ತದ ಸಾರಕ್ಕೆ ವಿದ್ಯುತ್ತು ಹರಿಸಿ ಬೇರ್ಪಡಿಸುವ ಪರೀಕ್ಷೆಯಲ್ಲಿ ‘ಎಂ ಬ್ಯಾಂಡ್’ ಎಂಬುದು ಕಂಡುಬಂದು ಅದರ ಪ್ರಮಾಣ 3.8. ಮೂಳೆಯ ಮಜ್ಜೆಯನ್ನೂ ತೆಗೆದು ನೋಡಿದ್ದಾರೆ. ಕಾಯಿಲೆಯ ಹೆಸರು ಮಲ್ಟಿಪಲ್ ಮೈಲೋಮಾ.

ಮೇಲ್ಕಂಡ ಐದನೆಯ ಕಲಮಿನಲ್ಲಿರುವ ಪದಗಳ ಅರ್ಥವನ್ನು ಮಂಗಳೂರಿನ ಡಾಕ್ಟರು ವಿವರಿಸಿದರು. ನಾನು ತಲೆಯಾಡಿಸಿದೆ. ಅರ್ಥವಾಗಲಿಲ್ಲವೆಂದು ಅವರೆದುರು ಹೇಳುವುದು ನನ್ನಿಂದಾಗಲಿಲ್ಲ. ನೀನು ಮೂಡುಬಿದಿರೆಯಲ್ಲಿ ವಿಜ್ಞಾನ ಓದಿ ಈಗ ಅಲ್ಲಿಯ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿರುವುದರಿಂದ ಈ ಬಗ್ಗೆ ಲಿಖಿತ ವಿವರಣೆ ಕೋರಲಾಗಿದೆ. ಪೂರ್ಣ ಗುಣವಾಗಲು ತಗಲುವ ಕಾಲವನ್ನೂ ತಿಳಿಸತಕ್ಕದ್ದು.

ಫೋನು ಮಾಡಬೇಡ. ಫೋನು ಚಾವಡಿಯಲ್ಲಿದೆ, ಅವಳ ಮಂಚವೂ ಚಾವಡಿಯಲ್ಲಿಯೇ ಇದೆ. ಕಾಯಿಲೆಯ ಹೆಸರನ್ನು ಅವಳಿಗೆ ಹೇಳಿಲ್ಲ. ಅದೂ ಅಲ್ಲದೆ ಫೋನಿನ ಮಾತಿಗೆ ದಾಖಲೆಯಿಲ್ಲ.

ಈ ಕಾಗದ ಬರೆಯುವಾಗ ಅವಳು ಮಲಗಿದಲ್ಲಿಂದಲೇ ಅಣ್ಣನನ್ನು ಛೇಡಿಸುತ್ತ, “ಎಂಥ ಕಾಕ, ನನ್ನ ಬೆನ್ನಿನ ಮೇಲೆಯೂ ಅರ್ಜಿಯಾ? ನೀನು ಬರೆದದ್ದಕ್ಕೆ ತಹಶೀಲ್ದಾರರು ಹೆದರಬಹುದು, ಬೆನ್ನು ಹೆದರುವುದಿಲ್ಲ ಮಾರಾಯ,” ಎಂದಳು. ಆದ್ದರಿಂದ ರೋಗಿಯ ಮನಃಸ್ಥಿತಿ ಉತ್ತಮವೆಂದು ದಾಖಲಿಸಬಹುದು.

ಈ ಪತ್ರದ ನಕಲನ್ನು ಕಡತದಲ್ಲಿ ಇರಿಸಿದೆ. ನಿನ್ನ ಉತ್ತರವನ್ನೂ ಅದೇ ಕಡತದಲ್ಲಿ ಇರಿಸಲಾಗುವುದು.

ಇತಿ,
ಹಸನಬ್ಬ

*

ಶಾರ್ಜಾ
20-3-2003

ಪ್ರೀತಿಯ ಮಾಮನಿಗೆ ರಾಫಿಯಾಳ ಸಲಾಂ.

ನಿಮ್ಮ ಪತ್ರವನ್ನು ಪ್ರಯೋಗಾಲಯಕ್ಕೆ ಒಯ್ದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಇನ್ನೊಮ್ಮೆ ಓದಿದೆ. ನಾಲ್ಕನೆಯ ಕಲಮು ಓದುವಾಗಲೇ ಐದನೆಯದು ಏನಿರುತ್ತದೆಂದು ಗೊತ್ತಾಗಿತ್ತು. ಇಂಥದ್ದು ಗೊತ್ತಾಗದ ಬೇರೆ ಕೆಲಸದಲ್ಲಿ ಇರಬೇಕಿತ್ತು ಎಂದು ಅನಿಸಿತು.

ವಿವರಣೆ ಕೇಳಿದ್ದೀರಿ. ನಿಮಗೆ ತಿಳಿದ ವಿಷಯದಿಂದಲೇ ಹೇಳುತ್ತೇನೆ. ನಮ್ಮ ಮೈಯೊಳಗೂ ಅರ್ಜಿ ಬರಹಗಾರರಿದ್ದಾರೆ ಮಾಮ. ಪ್ಲಾಸ್ಮಾ ಕೋಶಗಳೆಂದು ಅವರ ಹೆಸರು, ಮೂಳೆಯ ಮಜ್ಜೆಯಲ್ಲಿ ಅವರ ಕಚೇರಿ. ಮೈಗೆ ಯಾವ ರೋಗಾಣು ನುಗ್ಗಿದರೂ ಅದರ ವಿರುದ್ಧ ಪ್ರತ್ಯೇಕವಾದ ಒಂದು ಅರ್ಜಿ ಬರೆಯುವುದು ಅವರ ಕೆಲಸ. ಆರೋಗ್ಯವಂತರ ರಕ್ತದಲ್ಲಿ ಸಾವಿರ ಬಗೆಯ ಅರ್ಜಿಗಳು ಇರುತ್ತವೆ. ಉಮ್ಮನಲ್ಲಿ ಒಬ್ಬ ಬರಹಗಾರನಿಗೆ ಹುಚ್ಚು ಹಿಡಿದಿದೆ. ಅವನೂ ಅವನ ಸಂತತಿಯೂ ಮಜ್ಜೆಯನ್ನು ತುಂಬಿಕೊಂಡು, ಯಾರ ವಿರುದ್ಧವೂ ಅಲ್ಲದ ಒಂದೇ ಅರ್ಜಿಯ ನಕಲುಗಳನ್ನು ರಕ್ತಕ್ಕೆ ಸುರಿಯುತ್ತಿದ್ದಾರೆ. ವಿದ್ಯುತ್ತು ಹರಿಸಿದಾಗ ಒಂದೇ ತೂಕದ ಆ ನಕಲುಗಳೆಲ್ಲ ಒಂದೇ ಜಾಗದಲ್ಲಿ ಕಂತೆಯಾಗಿ ನಿಲ್ಲುತ್ತವೆ. ಆ ಕಂತೆಯೇ ಎಂ ಬ್ಯಾಂಡ್. 3.8 ಎಂದರೆ ಕಂತೆಯ ತೂಕ.

ಮಾತ್ರೆ ಕೊಡುವುದು ಆ ಬರಹಗಾರನನ್ನು ಅಡಗಿಸಲು. ಅಡಗಿದನೋ ಇಲ್ಲವೋ ಎಂದು ಕಂತೆಯನ್ನು ತೂಗಿ ತಿಳಿಯುತ್ತಾರೆ. ನೀವು ಬೇರೆ ಎಲ್ಲ ಲೆಕ್ಕಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಒಂದು ಸಂಖ್ಯೆಯನ್ನು ನೋಡುತ್ತಿದ್ದರೆ ಸಾಕು. ಅದು ಇಳಿದರೆ ಉಮ್ಮ ಗೆಲ್ಲುತ್ತಿದ್ದಾರೆಂದು ಅರ್ಥ.

ಕಾಲಾವಧಿಯನ್ನು ಈಗಲೇ ಹೇಳಲಾಗುವುದಿಲ್ಲ. ಮೊದಲು ಇಳಿಯಲಿ, ಆಮೇಲೆ ನೋಡುವ.

ನಿಮ್ಮ ರಾಫಿಯಾ

*

ಪಾಣೆಮಂಗಳೂರು
12-6-2003

ಉಲ್ಲೇಖ: ನಿನ್ನ 20-3-2003ರ ಪತ್ರ

ಚಿರಂಜೀವಿ ರಾಫಿಯಾಳಿಗೆ,

ಅರ್ಜಿ ಬರಹಗಾರನಿಗೆ ಹುಚ್ಚು ಹಿಡಿದಿದೆಯೆಂಬ ನಿನ್ನ ಹೋಲಿಕೆಯನ್ನು ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ. ಉಳಿದಂತೆ ವಿವರಣೆ ಸ್ಪಷ್ಟವಾಗಿದೆ. ಆ ಭಾಗಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ.

ಹೊಸ ವರದಿ ಬಂದಿದೆ. ಎಂ ಬ್ಯಾಂಡ್ 2.4. ಹಿಮೋಗ್ಲೋಬಿನ್ 9.6. ಕ್ರಿಯಾಟಿನಿನ್ 1.1. ಮೂರನ್ನೂ ನೋಡಿ ಮಂಗಳೂರಿನ ಡಾಕ್ಟರು ಮುಗುಳ್ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಮಂಗಳೂರಿಗೆ ನಮ್ಮನ್ನು ಕರೆದೊಯ್ಯುವುದು ವಾಮದಪದವಿನ ಧರ್ಣಪ್ಪನ ಜೀಪು. ಭೂಸುಧಾರಣೆಯ ಕಾಲದಲ್ಲಿ ಅವನ ಗದ್ದೆಯ ಮೇಲ್ಮನವಿಯನ್ನು ನಾನೇ ಬರೆದದ್ದೆಂಬುದು ನಿನಗೆ ತಿಳಿದಿರಬಹುದು. ಕೆಳಗೆ ಸೋತು ಮೇಲೆ ಗೆದ್ದ ಪ್ರಕರಣ. ಮೊನ್ನೆ ಪ್ರಯೋಗಾಲಯದ ಕಿಟಕಿಯಲ್ಲಿ ನಾನು ರಕ್ತದ ನಳಿಕೆಯ ಮೇಲಿನ ಹೆಸರನ್ನು ಎರಡು ಸಲ ಓದಿಸಿ ಕೇಳಿದಾಗ ಅವನು ಹಿಂದಿನಿಂದ, “ಹಸನಬ್ಬರೇ, ಅದಕ್ಕೂ ಕೋರ್ಟು ಫೀ ಸ್ಟ್ಯಾಂಪು ಅಂಟಿಸುವುದುಂಟಾ?” ಎಂದ. ಐಸಮ್ಮ, “ಅಂಟಿಸಿದರೂ ಅಂಟಿಸಿಯಾರು, ನೀವು ನೆನಪು ಮಾಡಬೇಡಿ ಧರ್ಣಪ್ಪಣ್ಣ,” ಎಂದಳು. ಇಬ್ಬರೂ ಜೀಪಿನವರೆಗೆ ನಗುತ್ತ ಹೋದರು. ನಾನು ನಗಲಿಲ್ಲ. ಹೆಸರು ತಪ್ಪಿದರೆ ಇಡೀ ದಾಖಲೆ ಅಸಿಂಧುವಾಗುತ್ತದೆ.

ರಂಜಾನಿಗೆ ಊರಿಗೆ ಬರಲು ರಜೆ ಕೇಳುತ್ತಿರುವೆಯೆಂದು ನೌಫಲ್ ಅವನ ತಮ್ಮನಿಗೆ ಹೇಳಿದನಂತೆ. ಅಗತ್ಯವಿಲ್ಲ. ಸಂಖ್ಯೆ ಇಳಿಯುತ್ತಿದೆ. ಅವಳು ಪೂರ್ಣ ಗುಣವಾದ ಮೇಲೆ, ಮುಂದಿನ ಬೇಸಿಗೆಯಲ್ಲಿ ಬಾ.

ಇತಿ,
ಹಸನಬ್ಬ

*

ಶಾರ್ಜಾ
2-7-2003

ಮಾಮ,

2.4 ಎಂದು ಓದಿ ನೌಫಲ್‌ಗೆ ಕಾಗದ ತೋರಿಸಿ ಅತ್ತುಬಿಟ್ಟೆ. ಅವರು, “ಇಳಿದದ್ದಕ್ಕೂ ಅಳುವುದಾ ನೀನು?” ಎಂದರು.

ಎರಡು ವಿಷಯ ನೆನಪಿರಲಿ. ಉಮ್ಮ ದಿನವಿಡೀ ಧಾರಾಳ ನೀರು ಕುಡಿಯಬೇಕು. ಕ್ರಿಯಾಟಿನಿನ್ ಪ್ರತಿ ಸಲವೂ ಆಗಲಿ, ಅದು ಮೂತ್ರಪಿಂಡದ ಲೆಕ್ಕ.

ನೀವು ಬೇಡವೆಂದ ಮೇಲೆ ರಜೆಯ ಅರ್ಜಿ ಹಿಂದೆ ತೆಗೆದುಕೊಂಡೆ. ಬೇಸಿಗೆಗೆ ಬರುತ್ತೇನೆ.

ರಾಫಿಯಾ

*

ಪಾಣೆಮಂಗಳೂರು
6-10-2003

ವಿಷಯ: ಜಯ

ಚಿರಂಜೀವಿ ರಾಫಿಯಾಳಿಗೆ,

ಎಂ ಬ್ಯಾಂಡ್ 0.7.

ನಾನು ತಾಲೂಕು ಕಚೇರಿಯ ಜಗಲಿಯಲ್ಲಿ ಕುಳಿತು ಬರೆದ ಅರ್ಜಿಗಳಲ್ಲಿ ಗೆದ್ದವೂ ಇವೆ, ಸೋತವೂ ಇವೆ. ಇಂತಹ ಆದೇಶ ಕೈಗೆ ಬಂದದ್ದಿಲ್ಲ.

ಡಾಕ್ಟರು ಡಿಸೆಂಬರಿನಲ್ಲಿ ಬರಹೇಳಿದ್ದರು. ಅಷ್ಟು ಕಾಯಲಾರದೆ ನಾನೇ ಬಿ.ಸಿ. ರೋಡಿನ ರಕ್ತ ಸಂಗ್ರಹ ಕೇಂದ್ರದಲ್ಲಿ ಕೊಡಿಸಿ ಮಂಗಳೂರಿಗೆ ಕಳುಹಿಸಿದೆ. ನಿನ್ನ ಅವಗಾಹನೆಗಾಗಿ ವರದಿಯ ಯಥಾಪ್ರತಿ: ಎಂ ಬ್ಯಾಂಡ್ 0.7, ಹಿಮೋಗ್ಲೋಬಿನ್ 8.1. ಕ್ರಿಯಾಟಿನಿನ್ ಈ ಸಲ ಮಾಡಿಸಲಿಲ್ಲ. ಹಿಂದೆ ಎರಡು ಬಾರಿಯೂ ಒಂದೇ ಉತ್ತರ ಬಂದಿತ್ತು.

ಐಸಮ್ಮ ಹಠ ಹಿಡಿದು ಗುರುವಾಯನಕೆರೆಗೆ ಹೋಗಿ ಅಂಗಡಿ ತೆರೆದಿದ್ದಾಳೆ. ನಾನೂ ಅಲ್ಲಿಗೇ ಹೋಗಿ ಎರಡು ದಿನ ಇದ್ದು ಬಂದೆ. ಬಳೆ ತೊಡಿಸುತ್ತ ಕುಳಿತವಳನ್ನು ನೋಡಿದರೆ ಕಾಯಿಲೆಯೆಂದು ಯಾರೂ ಹೇಳರು. ಊಟ ಸೇರುವುದಿಲ್ಲ, ಬಾಯಿ ಒಣಗುತ್ತದೆ, ಪಾದ ಸ್ವಲ್ಪ ಊದಿದೆ ಎನ್ನುತ್ತಾಳೆ. ಬಚ್ಚಲಿನಲ್ಲಿ ನೊರೆ ಬರುತ್ತದೆಂದೂ ಒಮ್ಮೆ ನಾಚುತ್ತ ಹೇಳಿದಳು. ಸಾಬೂನಿನ ನೊರೆ ಇರಬಹುದೆಂದೆ. ಅಂಗಡಿಯ ಜಗಲಿಯಲ್ಲಿ ದಿನವಿಡೀ ಕೂತರೆ ಕಾಲು ಊದದೆ ಇನ್ನೇನು?

ರಂಜಾನ್ ಹತ್ತಿರ ಬಂತು. ಉಪವಾಸ ಹಿಡಿಯಲೇ ಎಂದು ಕೇಳಿದಳು. ರೋಗಿಗೆ ರಿಯಾಯಿತಿ ಉಂಟು, ನಿಜ. ಆದರೆ ವರದಿ ಹೀಗೆ ಬಂದ ಮೇಲೆ ಅವಳು ಯಾವ ಆಧಾರದ ಮೇಲೆ ರಿಯಾಯಿತಿ ಕೇಳಬಹುದು? ಹಿಡಿ ಎಂದೆ. “ಕಳೆದ ವರ್ಷ ಬೆನ್ನುನೋವಿನಲ್ಲಿ ಬಿಟ್ಟದ್ದನ್ನೂ ಆಮೇಲೆ ತೀರಿಸುತ್ತೇನೆ ಕಾಕ,” ಎಂದಳು. ಅವಳ ಮುಖ ನೀನು ನೋಡಬೇಕಿತ್ತು.

ಇತಿ,
ಹಸನಬ್ಬ

*

ಶಾರ್ಜಾ
18-10-2003

ಮಾಮ,

ದಯವಿಟ್ಟು ಈ ಕಾಗದವನ್ನು ಓದಿ ಮುಗಿಸಿದ ಕೂಡಲೇ ಉಮ್ಮನನ್ನು ಮಂಗಳೂರಿಗೆ ಕರೆದೊಯ್ಯಿರಿ. ಡಿಸೆಂಬರಿಗೆ ಕಾಯಬೇಡಿ. ಫೋನಿನ ಮಾತಿಗೆ ದಾಖಲೆಯಿಲ್ಲವೆನ್ನುವವರು ನೀವು, ಆದ್ದರಿಂದ ಬರೆದೇ ಹೇಳುತ್ತಿದ್ದೇನೆ.

ಕಂತೆ ಇಳಿದಿದ್ದರೆ ಹಿಮೋಗ್ಲೋಬಿನ್ ಏರಬೇಕಿತ್ತು. ಅದು ಇಳಿದಿದೆ. ಬಾಯಿ ಒಣಗುವುದು, ಊಟ ಸೇರದಿರುವುದು, ಪಾದ ಊದುವುದು, ಮೂತ್ರದಲ್ಲಿ ನೊರೆ. ನೀವು ಬಿಡಿಬಿಡಿಯಾಗಿ ಬರೆದದ್ದನ್ನು ನಾನು ಒಟ್ಟಿಗೆ ಓದಿದೆ.

ಇಲ್ಲಿಯ ಹಿರಿಯ ಡಾಕ್ಟರೊಬ್ಬರನ್ನು ಕೇಳಿದೆ. ಅಪರೂಪಕ್ಕೆ ಹೀಗಾಗುವುದುಂಟಂತೆ: ಹುಚ್ಚು ಬರಹಗಾರ ಅಡಗುವುದಿಲ್ಲ, ಬರೆಯುವ ರೀತಿ ಬದಲಿಸುತ್ತಾನೆ. ಪೂರ್ತಿ ಅರ್ಜಿ ಬರೆಯುವುದನ್ನು ಬಿಟ್ಟು ಬರೀ ಚೂರುಗಳನ್ನು ಬರೆದು ಎಸೆಯತೊಡಗುತ್ತಾನೆ. ‘ಲೈಟ್ ಚೈನ್’ ಎಂದು ಆ ಚೂರುಗಳ ಹೆಸರು. ಕಂತೆಯನ್ನು ತೂಗುವ ತಕ್ಕಡಿಗೆ ಚೂರುಗಳು ಕಾಣುವುದಿಲ್ಲ. ಸಂಖ್ಯೆ ಇಳಿಯುತ್ತದೆ, ನಾವು ಗೆದ್ದೆವೆಂದುಕೊಳ್ಳುತ್ತೇವೆ. ಚೂರುಗಳು ಮೂತ್ರಪಿಂಡಕ್ಕೆ ಹೋಗಿ, ಚರಂಡಿಗೆ ಕಾಗದ ತುರುಕಿದ ಹಾಗೆ, ಅದನ್ನು ಕಟ್ಟಿಬಿಡುತ್ತವೆ. ನೀರು ಕಡಿಮೆಯಾದರೆ ಇನ್ನೂ ಬೇಗ.

ಮೂರು ಪರೀಕ್ಷೆ ಆಗಬೇಕು. ಕ್ರಿಯಾಟಿನಿನ್. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರ್ತಿ ಕ್ಯಾನಿನಲ್ಲಿ ಹಿಡಿದು ಕೊಡುವುದು. ಮತ್ತೆ ರಕ್ತದಲ್ಲಿಯೇ ಆ ಚೂರುಗಳನ್ನು ಅಳೆಯುವ ‘ಫ್ರೀ ಲೈಟ್ ಚೈನ್’ ಎಂಬ ಹೊಸ ಪರೀಕ್ಷೆ. ಅದು ಮಂಗಳೂರಿನಲ್ಲಿಲ್ಲ, ಮುಂಬೈಗೆ ಕಳುಹಿಸಬೇಕಾದೀತು.

ಉಪವಾಸ ಖಂಡಿತ ಬೇಡ. ಖಂಡಿತ ಬೇಡ ಮಾಮ.

ರಾಫಿಯಾ

*

ಪಾಣೆಮಂಗಳೂರು
3-11-2003

ಉಲ್ಲೇಖ: 1) ನಿನ್ನ 20-3-2003ರ ಪತ್ರ 2) ನಿನ್ನ 18-10-2003ರ ಪತ್ರ

ಚಿರಂಜೀವಿ ರಾಫಿಯಾಳಿಗೆ,

ಎರಡನೆಯ ಉಲ್ಲೇಖದ ಪತ್ರ ಉಪವಾಸದ ಮೊದಲ ವಾರ ಕಳೆದ ಮೇಲೆ ಕೈಸೇರಿತು. ಅದರಲ್ಲಿನ ಕೋರಿಕೆಗಳನ್ನು ಪರಿಶೀಲಿಸಿದ್ದೇನೆ.

ಒಂದನೆಯ ಉಲ್ಲೇಖದಲ್ಲಿ ನೀನೇ ನಿನ್ನ ಕೈಯಾರೆ ಹೀಗೆ ಬರೆದಿರುವೆ: “ಆ ಒಂದು ಸಂಖ್ಯೆಯನ್ನು ನೋಡುತ್ತಿದ್ದರೆ ಸಾಕು. ಅದು ಇಳಿದರೆ ಉಮ್ಮ ಗೆಲ್ಲುತ್ತಿದ್ದಾರೆಂದು ಅರ್ಥ.” ಕೆಂಪು ಗೆರೆ ಎಳೆದ ಆ ವಾಕ್ಯ ನನ್ನೆದುರಿಗಿದೆ. ಸಂಖ್ಯೆ ಇಳಿದ ಮೇಲೆ ಈಗ ಆ ಸಂಖ್ಯೆಯನ್ನು ನಂಬಬೇಡಿ ಎನ್ನುತ್ತಿರುವೆ. ಯಾವ ಹೇಳಿಕೆಯನ್ನು ನಾನು ಗ್ರಾಹ್ಯ ಮಾಡಲಿ?

ನನ್ನ ವೃತ್ತಿಯಲ್ಲಿ ಒಂದು ಕ್ರಮವಿದೆ. ವಿರುದ್ಧವಾಗಿ ಬಂದ ಆದೇಶದ ಮೇಲೆ ಮೇಲ್ಮನವಿ ಹಾಕುತ್ತೇವೆ. ಪರವಾಗಿ ಬಂದ ಆದೇಶವನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತೇವೆ. ಗೆದ್ದ ಪ್ರಕರಣವನ್ನು ತಾನಾಗಿ ಮರುವಿಚಾರಣೆಗೆ ತೆರೆದ ಕಕ್ಷಿದಾರನನ್ನು ನಾನು ಈವರೆಗೆ ಕಂಡಿಲ್ಲ.

ಮೂತ್ರದ ಕ್ಯಾನಿನ ವಿಷಯ. ಗುರುವಾಯನಕೆರೆಯಿಂದ ಮಂಗಳೂರಿಗೆ ನನ್ನ ತಂಗಿ ಅಂಥದ್ದನ್ನು ಕೈಯಲ್ಲಿ ಹಿಡಿದು, ನೋಂಬಿನ ಉಪವಾಸದ ತಿಂಗಳಲ್ಲಿ, ಬಸ್ಸಿನಲ್ಲಾಗಲಿ ಧರ್ಣಪ್ಪನ ಜೀಪಿನಲ್ಲಾಗಲಿ ಹೋಗುವುದು ಸಾಧ್ಯವಿಲ್ಲ. ಇದನ್ನು ಮತ್ತೆ ಬರೆಯಬೇಡ.

ಅವಳು ಉಪವಾಸ ಚೆನ್ನಾಗಿ ಹಿಡಿಯುತ್ತಿದ್ದಾಳೆ. ಸಂಜೆ ಸ್ವಲ್ಪ ತಲೆ ಸುತ್ತುತ್ತದೆಯಂತೆ. ಅದು ಎಲ್ಲರಿಗೂ ಇದ್ದದ್ದೇ. ಹಬ್ಬ ಕಳೆದ ಮೇಲೆ ಡಿಸೆಂಬರಿನ ನಿಗದಿತ ದಿನದಂದು ಡಾಕ್ಟರಲ್ಲಿಗೆ ಹೋಗುವ.

ಇತಿ,
ಹಸನಬ್ಬ

*

ಶಾರ್ಜಾ
14-11-2003

ಇವರಿಂದ: ರಾಫಿಯಾ, ಐಸಮ್ಮಳ ಮಗಳು
ಇವರಿಗೆ: ಮಾನ್ಯ ಹಸನಬ್ಬನವರು

ಮಾನ್ಯರೇ,

ನೀವು ನನಗೆ ಅಕ್ಷರ ತಿದ್ದಿಸುವಾಗ ಹೇಳಿದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಬೇರೆ ಯಾವ ರೀತಿಯಲ್ಲಿ ಕೇಳಿದರೂ ನೀವು ಕೇಳುವುದಿಲ್ಲ.

1. ಅಂಗಡಿಯ ಪಕ್ಕದ ಬೂತಿಗೆ ಫೋನು ಮಾಡಿ ಉಮ್ಮನನ್ನು ಕರೆಸಿದೆ. ಉಪವಾಸ ಬಿಡಿ ಎಂದೆ. ಉಮ್ಮ ನಕ್ಕು, “ಕಾಕ ಕಾಗದ ನೋಡಿಯೇ ಹೇಳಿದ್ದು ಮಗಾ. ಕಾಕ ಓದಿದ ಮೇಲೆ ಅದರಲ್ಲಿ ತಪ್ಪುಂಟಾ?” ಎಂದರು. ನಡುವೆ ಎರಡು ಸಲ ಉಸಿರು ತೆಗೆಯಲು ನಿಂತರು.

2. ಈ ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲ. ನೀವು ಮಾರ್ಚಿನಲ್ಲಿ ಕಾಲಾವಧಿ ಕೇಳಿದಾಗಲೇ ನನಗೆ ಗೊತ್ತಿತ್ತು. ಬರೆಯುವ ಧೈರ್ಯವಾಗಲಿಲ್ಲ. ಆದರೆ ವರ್ಷಗಳು ಸಿಗುತ್ತವೆ ಮಾಮ. ಮೂತ್ರಪಿಂಡ ಉಳಿದರೆ ವರ್ಷಗಳು ಸಿಗುತ್ತವೆ. ನಾನು ಕೇಳುತ್ತಿರುವುದು ಅಷ್ಟೇ.

3. ಮಾರ್ಚಿನ ಪತ್ರದ ಆ ವಾಕ್ಯ ನನ್ನದೇ. ನಿಮಗೆ ಸುಲಭವಾಗಲೆಂದು ಬರೆದೆ. ಆಗ ನನಗೆ ಅಷ್ಟೇ ಗೊತ್ತಿತ್ತು. ನನ್ನ ವಾಕ್ಯವನ್ನು ನನ್ನ ತಾಯಿಯ ವಿರುದ್ಧ ಸಾಕ್ಷಿಯಾಗಿ ಬಳಸಬೇಡಿ.

ಪ್ರಾರ್ಥನೆ: ಕ್ಯಾನು ಬೇಡ. ಒಂದು ನಳಿಕೆ ರಕ್ತ ಮಾತ್ರ. ನಾಳೆಯೇ. ಮತ್ತು ಒಂದು ಲೋಟ ನೀರು.

ಅರ್ಜಿದಾರಳು,
ರಾಫಿಯಾ

*

ಪಾಣೆಮಂಗಳೂರು
25-1-2004

ಇವರಿಂದ: ಹಸನಬ್ಬ
ಇವರಿಗೆ: ರಾಫಿಯಾ
ವಿಷಯ:

ವಿಷಯದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಏನೆಂದು ಬರೆಯಬೇಕೆಂದು ತಿಳಿಯಲಿಲ್ಲ.

ನೀನು ಬಂದು, ನಿನ್ನ ಉಮ್ಮನ ಮಣ್ಣಿನ ಕೆಲಸಗಳೆಲ್ಲ ಮುಗಿಸಿ, ಹೊರಟುಹೋಗುವವರೆಗೂ ನಾವಿಬ್ಬರು ಒಂದೇ ಮನೆಯಲ್ಲಿದ್ದೆವು. ನೀನು ನನ್ನನ್ನು ಏನನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎದುರು ಕುಳಿತು ಹೇಳಲು ನನಗೆ ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

1. ನಿನ್ನ ನವೆಂಬರಿನ ಅರ್ಜಿ ಹಬ್ಬದ ಹಿಂದಿನ ದಿನ ಕೈಸೇರಿತು. ಓದಿದ ಕೂಡಲೇ ಧರ್ಣಪ್ಪನಿಗೆ ಹೇಳಿಕಳುಹಿಸಿ ಜೀಪಿನಲ್ಲಿ ಗುರುವಾಯನಕೆರೆಗೆ ಹೋದೆ. ಅಂಗಡಿ ಅರ್ಧ ತೆರೆದಿತ್ತು. ಹಬ್ಬದ ಬಳೆಗೆ ಬಂದ ಹೆಣ್ಣುಮಕ್ಕಳು ಅವಳಿಗೆ ಗಾಳಿ ಹಾಕುತ್ತಿದ್ದರು. ನಾನು ಒಂದು ಲೋಟ ನೀರು ಕೊಟ್ಟೆ. “ಉಪವಾಸ ಬಿಡುವ ಬಾಂಗ್ ಆಗಲಿಲ್ಲವಲ್ಲ ಕಾಕ,” ಎಂದಳು. ಕುಡಿ ಎಂದೆ. ಕುಡಿದಳು. ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

2. ಮಂಗಳೂರಿನಲ್ಲಿ ಕ್ರಿಯಾಟಿನಿನ್ ಹನ್ನೊಂದು. ಡಾಕ್ಟರು ನನ್ನನ್ನು ಬಯ್ಯಲಿಲ್ಲ. ಅಕ್ಟೋಬರಿನ ವರದಿಯನ್ನು ಕೈಯಲ್ಲಿ ಹಿಡಿದು, “ಇದನ್ನು ನೋಡಿದರೆ ನಾನೂ ಸ್ವಲ್ಪ ಹೊತ್ತು ಸಂತೋಷಪಡುತ್ತಿದ್ದೆ,” ಎಂದರು. ಅವರು ಬಯ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನೀನು ಕೇಳಿದ ಪರೀಕ್ಷೆಗೆ ಅದೇ ದಿನ ಒಂದು ನಳಿಕೆ ರಕ್ತ ಮುಂಬೈಗೆ ಹೋಯಿತು. ಮೇಲಿನ ಹೆಸರನ್ನು ನಾನು ಓದಿಸಿ ಕೇಳಲಿಲ್ಲ. ಅವಳು ಕೇಳಿದಳು: “ಹೆಸರು ಸರಿ ಉಂಟಾ ಕಾಕ, ಇವತ್ತು ನೋಡಲಿಲ್ಲ ನೀನು?”

3. ಎರಡನೆಯ ಡಯಾಲಿಸಿಸ್‌ನ ಹೊತ್ತಿಗೆ, ನಿನ್ನ ವಿಮಾನ ಇಳಿಯುವ ಮೊದಲು, ಅವಳು ಕೊನೆಯದಾಗಿ ಮಾತಾಡಿದಳು. ಆ ಯಂತ್ರದ ಸದ್ದನ್ನು ಕೇಳುತ್ತ, “ಇದಕ್ಕೂ ಒಂದು ಅರ್ಜಿ ಬರೆ ಕಾಕ, ಸ್ವಲ್ಪ ಮೆಲ್ಲ ತಿರುಗಲಿಕ್ಕೆ,” ಎಂದಳು. ನನ್ನ ಜೇಬಿನಲ್ಲಿ ಪೆನ್ನು ಇತ್ತು. ಅದರ ಮುಚ್ಚಳ ತೆಗೆದೆ. ಯಾರಿಗೆ ಬರೆಯುವುದು? ಮುಚ್ಚಳ ತೆಗೆದ ಪೆನ್ನು ಹಿಡಿದು ಅವಳು ನಿದ್ದೆ ಹೋಗುವವರೆಗೂ ಕುಳಿತಿದ್ದೆ. ಬರೆಯುತ್ತಿದ್ದೇನೆಂದು ಅವಳು ತಿಳಿದಿರಬಹುದು. ನೀನು ಬಂದಾಗ ಅವಳ ಕೈ ನಿನ್ನ ಕೈಯನ್ನು ಹಿಡಿಯಿತು, ನಾನು ನೋಡಿದೆ. ಮಾತು ಮಾತ್ರ ಬರಲಿಲ್ಲ.

4. ಮುಂಬೈಯ ವರದಿ ನಿನ್ನೆ ಬಂತು. ಚೂರುಗಳ ಲೆಕ್ಕ. ಸರಿಯಾದ ಪ್ರಮಾಣ ಇಷ್ಟರಿಂದ ಇಷ್ಟರವರೆಗೆ ಎಂದು ಪಕ್ಕದಲ್ಲಿ ಅಚ್ಚಾಗಿದೆ. ಅವಳದು ಅದರ ನೂರಾರು ಪಟ್ಟು. ನೀನು ಶಾರ್ಜಾದಲ್ಲಿ ಕುಳಿತು ಓದಿದ್ದು ಸರಿಯಿತ್ತು. ಆದೇಶ ನಮ್ಮ ವಿರುದ್ಧವಾಗಿ ಬಂದಿದೆ. ಮೇಲ್ಮನವಿಗೆ ಅವಕಾಶವಿಲ್ಲ.

5. ಆ ವರದಿಯನ್ನು ನಿನಗೆ ಕಳುಹಿಸುವುದಿಲ್ಲ. ಅದು ನನ್ನ ಹೆಸರಿಗೆ ಬಂದದ್ದು. ನನ್ನಲ್ಲಿಯೇ ಇರಲಿ.

6. ನೀನು ಹೊರಡುವ ದಿನ ಬೆಳಿಗ್ಗೆ ಚಾವಡಿಯ ಮೇಜಿನ ಮೇಲಿದ್ದ ಕಡತದ ಮುಂದೆ ನೀನು ನಿಂತಿದ್ದೆ. ತೆರೆಯಲಿಲ್ಲ. ಅದರಲ್ಲಿ ಯಾವ ಕಾಗದ ಯಾವ ಗೆರೆಯೊಂದಿಗೆ ಇದೆಯೆಂದು ನಿನಗೆ ಗೊತ್ತಿತ್ತು. ನೀನು ಬಾಗಿಲವರೆಗೆ ಹೋಗಿ ತಿರುಗಿ ಅದನ್ನೇ ನೋಡಿದೆ. ನನ್ನನ್ನಲ್ಲ.

ಅದಕ್ಕಾಗಿ ಈ ಕೆಳಗಿನದನ್ನು ಕಳುಹಿಸುತ್ತಿದ್ದೇನೆ. ಇದನ್ನು ಹರಿಯಬಹುದು, ಸುಡಬಹುದು. ನೀನು ಬರೆದದ್ದು ಆ ದಿನಕ್ಕೆ ಸತ್ಯವಾಗಿತ್ತು. ಗೆರೆ ಎಳೆದವನು ನಾನು.

ಪ್ರಾರ್ಥನೆಯ ಕಲಮು ಬರೆಯಬೇಕಾದ ಜಾಗ ಇದು. ಕೇಳಲು ಏನೂ ಇಲ್ಲ.

ಇತಿ,
ನಿನ್ನ ಮಾಮ
ಹಸನಬ್ಬ

ಲಗತ್ತು: ರಾಫಿಯಾಳ 20-3-2003ರ ಪತ್ರ, ಮೂಲಪ್ರತಿ, ಒಂದು. ನಕಲು ಇಟ್ಟುಕೊಂಡಿಲ್ಲ.